ಜಾಯ್ಸ್ ಕಾದಂಬರಿಯ ಒಳಗೆ ನಾನು ಹೋದ ದಾರಿ

ಜೇಮ್ಸ್ ಜಾಯ್ಸ್ ಬರೆದ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ 1916ರಲ್ಲಿ ಪುಸ್ತಕವಾಗಿ ಬಂತು. ಸ್ಟೀಫನ್ ಡೆಡಲಸ್ ಅನ್ನೋ ಐರಿಶ್ ಹುಡುಗ ದೊಡ್ಡವನಾಗುವ ಕಥೆ. ಇರುವುದು ಐದೇ ಅಧ್ಯಾಯ, ಆದರೂ ಸುಲಭಕ್ಕೆ ಬಗ್ಗುವ ಪುಸ್ತಕವಲ್ಲ.

ನಾನು ಮೊದಲ ಪುಟವನ್ನು ಜೋರಾಗಿ ಓದಿಕೊಂಡೆ. ಅಪ್ಪ ಹೇಳುವ ಹಸುವಿನ ಕಥೆ. ಹಾಸಿಗೆ ಒದ್ದೆಯಾದರೆ ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ. ಅಮ್ಮನ ಮೈ ವಾಸನೆ. ಮಗುವಿಗೆ ಎಷ್ಟು ಗೊತ್ತೋ ಅಷ್ಟೇ ಅಲ್ಲಿರುವುದು. ಸ್ಟೀಫನ್ ಬೆಳೆದ ಹಾಗೆ ವಾಕ್ಯಗಳೂ ಬೆಳೆಯುತ್ತವೆ. ಜಾಯ್ಸ್ ನಡುವೆ ಬಂದು ಏನನ್ನೂ ವಿವರಿಸುವುದಿಲ್ಲ. ಹುಡುಗನಿಗೆ ಅರ್ಥವಾಗದ್ದು ನನಗೂ ಆ ಕ್ಷಣಕ್ಕೆ ಅರ್ಥವಾಗಬೇಕಿಲ್ಲ ಅಂತ ಹೊಳೆದ ಮೇಲೆ ಓದು ಹಗುರಾಯಿತು.

ಆದರೆ ಪಾರ್ನೆಲ್ ಯಾರು ಅಂತ ಮೊದಲೇ ತಿಳಿದಿರಬೇಕು. ಐರ್ಲೆಂಡಿನ ಆಡಳಿತ ಐರಿಶ್ ಜನರ ಕೈಗೇ ಬರಬೇಕೆಂದು ಹೋರಾಡಿದ ದೊಡ್ಡ ನಾಯಕ ಆತ. ಬೇರೊಬ್ಬನ ಹೆಂಡತಿಯಾಗಿದ್ದ ಹೆಂಗಸೊಬ್ಬಳ ವಿಚ್ಛೇದನದ ಮೊಕದ್ದಮೆಯಲ್ಲಿ 1890ರಲ್ಲಿ ಅವನ ಹೆಸರು ಬಂತು. ಕ್ಯಾಥೊಲಿಕ್ ಬಿಷಪ್‌ಗಳು ತಿರುಗಿಬಿದ್ದರು, ಪಕ್ಷ ಒಡೆಯಿತು. ಮರುವರ್ಷವೇ ಆತ ತೀರಿಕೊಂಡ. ಕಾದಂಬರಿಯಲ್ಲಿ ಇದೆಲ್ಲ ಒಂದು ಬ್ರಷ್ಷಿನಲ್ಲಿದೆ. ಮನೆಯಲ್ಲಿದ್ದ ಡಾಂಟೆ ಎಂಬ ಹೆಂಗಸಿನ ಬಳಿ ಪಾರ್ನೆಲ್ ಹೆಸರಿನದೊಂದು ಹಸಿರು ಮಖಮಲ್ಲಿನ ಬ್ರಷ್ ಇರುತ್ತದೆ. ಒಂದು ದಿನ ಅವಳು ಕತ್ತರಿ ತಗೊಂಡು ಆ ಮಖಮಲ್ಲನ್ನು ಕಿತ್ತುಹಾಕುತ್ತಾಳೆ. ಯಾಕೆ ಅಂತ ಹುಡುಗನಿಗೆ ತಿಳಿಯದು. ನಮಗೆ ತಿಳಿದಿದ್ದರೆ ಮುಂದೆ ಕ್ರಿಸ್ಮಸ್ ಊಟದಲ್ಲಿ ಪಾರ್ನೆಲ್ ಬಗ್ಗೆ ನಡೆಯುವ ಜಗಳ ಎದೆಗೆ ನಾಟುತ್ತದೆ. ಅದರ ಕೊನೆಗೆ ಸ್ಟೀಫನ್ ನೋಡುವುದು ಅಪ್ಪನ ಕಣ್ತುಂಬ ನೀರು. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ.

ಇನ್ನೊಂದು ಕೀಲಿ ಅಧ್ಯಾಯಗಳ ಸಂದಿಯಲ್ಲಿ ಸಿಕ್ಕಿತು. ಪ್ರತಿ ಅಧ್ಯಾಯವೂ ಎತ್ತರದಲ್ಲಿ ಮುಗಿಯುತ್ತದೆ, ಮುಂದಿನದು ನೆಲದ ಮೇಲೆ ಶುರುವಾಗುತ್ತದೆ. ನಾಲ್ಕನೆಯದರ ಕೊನೆಯಲ್ಲಿ ಕಡಲ ದಂಡೆ, ನೀರಲ್ಲಿ ನಿಂತ ಹುಡುಗಿ, ಕಲಾವಿದನಾಗುವ ಹುಮ್ಮಸ್ಸು. ಪುಟ ತಿರುಗಿಸಿದರೆ ನೀರುನೀರಾದ ಚಹಾ, ಗಿರವಿ ಚೀಟಿಗಳ ಡಬ್ಬ. ಕಾಲೇಜಿಗೆ ಹೊರಟವನ ಕುತ್ತಿಗೆ ತೊಳೆಯುವುದು ಅಮ್ಮ! ಆದ್ದರಿಂದ ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚದೆ, ಮುಂದಿನ ಎರಡು ಪುಟವನ್ನೂ ಆಗಲೇ ಓದತೊಡಗಿದೆ. ಸ್ಟೀಫನ್ನನ ದೊಡ್ಡ ಮಾತುಗಳನ್ನು ಎಷ್ಟು ನಂಬಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಮೂರನೆಯ ಅಧ್ಯಾಯದಲ್ಲಿ ಸ್ಟೀಫನ್ನನ ಶಾಲೆಯ ಹುಡುಗರಿಗೆ ಪಾದ್ರಿ ಕೊಡುವ ನರಕದ ಪ್ರವಚನ ಉದ್ದ. ಒಂದೇ ಸಲ ಕೂತು ಓದಿ. ಆ ಹುಡುಗರಿಗೂ ಎದ್ದು ಹೋಗಲು ಬಿಡುವಿರಲಿಲ್ಲ ಅಲ್ವಾ? ಐದನೆಯದು ನನಗೆ ಈಗಲೂ ಕಷ್ಟ. ಗೆಳೆಯ ಲಿಂಚ್‌ಗೆ ಸ್ಟೀಫನ್ ಸೌಂದರ್ಯದ ಬಗ್ಗೆ ಪಾಠ ಹೇಳುವ ಕಡೆ, ನಾನು ಲಿಂಚ್ ಕೊಡುವ ಉತ್ತರಗಳನ್ನು ಮೊದಲು ಗಮನಿಸಿದೆ. ಅವನು ಸಿಗರೇಟು ಕೇಳುತ್ತಾನೆ, ರೇಗಿಸುತ್ತಾನೆ, ನಡುನಡುವೆ ನಿಜವಾಗಿಯೂ ಕೇಳಿಸಿಕೊಳ್ಳುತ್ತಾನೆ. ಹಾಗೆ ಓದಿದಾಗ ಅದು ಬರೀ ಸಿದ್ಧಾಂತವಾಗಿ ಉಳಿಯಲಿಲ್ಲ. ಡಬ್ಲಿನ್ ಬೀದಿಯಲ್ಲಿ ಇಬ್ಬರು ಹುಡುಗರು ಮಾತಾಡುತ್ತಾ ನಡೆಯುವುದು ಕಾಣಿಸಿತು.