ಕ್ಯಾಮೆರಾಕ್ಕೂ ಅಪ್‌ಡೇಟ್ ಬರುತ್ತದೆ, ಮನೆಯಲ್ಲೇ ಹಾಕಿಕೊಳ್ಳುವುದು ಹೀಗೆ

ಮೊಬೈಲಿಗೆ ಅಪ್‌ಡೇಟ್ ಬಂದರೆ ಅದೇ ಹತ್ತು ಸಲ ನೆನಪಿಸುತ್ತದೆ. ಕ್ಯಾಮೆರಾಗಳಲ್ಲಿ ಬಹಳಷ್ಟು ಬಾಯಿಬಿಡುವುದೇ ಇಲ್ಲ. ಹಾಗಾಗಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಲಗ್ನ, ಕುಬಸ, ಜಾತ್ರೆ ಅಂತ ವರ್ಷಪೂರ್ತಿ ಕ್ಯಾಮೆರಾ ಹೊತ್ತು ತಿರುಗುವ ಎಷ್ಟೋ ಹುಡುಗರ ಕೈಯಲ್ಲಿ ಲಕ್ಷ, ಒಂದೂವರೆ ಲಕ್ಷದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇರುತ್ತದೆ, ಅದರೊಳಗಿನ ಸಾಫ್ಟ್‌ವೇರ್ ಮಾತ್ರ ಡಬ್ಬಿ ಒಡೆದ ದಿನ ಹೇಗಿತ್ತೋ ಹಾಗೇ ಕೂತಿರುತ್ತದೆ. “ಕ್ಯಾಮೆರಾಕ್ಕೂ ಅಪ್‌ಡೇಟ್ ಅಂತ ಇರ್ತದೇನ್ರಿ?” ಅಂತ ಕೇಳುವವರು ಇವತ್ತಿಗೂ ಸಿಗುತ್ತಾರೆ. ಇರುತ್ತದೆ. ಸಾಮಾನ್ಯವಾಗಿ ಕಂಪನಿಯವರು ಪುಕ್ಕಟೆಯಾಗಿಯೇ ಕೊಡುತ್ತಾರೆ. ಒಂದು ಮೆಮೊರಿ ಕಾರ್ಡ್, ಒಂದು ಕಾರ್ಡ್ ರೀಡರ್, ಪೂರ್ತಿ ಚಾರ್ಜ್ ಆದ ಬ್ಯಾಟರಿ, ಒಂದರ್ಧ ಗಂಟೆ ಸಮಾಧಾನ ಇದ್ದರೆ ಸಾಕು. ಇದಕ್ಕೆ ಅಂಗಡಿಗೆ ಹೋಗಿ ದುಡ್ಡು ಕೊಡಬೇಕಾಗಿಲ್ಲ.

ಸೆಕೆಂಡ್ ಹ್ಯಾಂಡ್ ಬಾಡಿ ತಗೊಂಡವರಂತೂ ಇದನ್ನು ಮೊದಲು ನೋಡಬೇಕು. ಹಿಂದಿನ ಮಾಲೀಕರು ಮುಟ್ಟೇ ಇಲ್ಲದಿರುವ ಸಾಧ್ಯತೆ ಜಾಸ್ತಿ.

ಇದರಿಂದ ಸಿಗುವುದೇನು?

ಫರ್ಮ್‌ವೇರ್ ಅಂದರೆ ಕ್ಯಾಮೆರಾ ಆನ್ ಮಾಡಿದ ಕ್ಷಣದಿಂದ ಒಳಗೆ ಓಡುವ ಸಾಫ್ಟ್‌ವೇರ್. ಫೋಕಸ್ ಹಿಡಿಯುವುದು, ಬೆಳಕು ಅಳೆಯುವುದು, ಫೋಟೊವನ್ನು ಕಾರ್ಡಿಗೆ ಬರೆಯುವುದು, ಮೆನು ತೋರಿಸುವುದು, ಎಲ್ಲವೂ ಅದರ ಕೈಯಲ್ಲೇ ಇದೆ. ಲೆನ್ಸ್, ಸೆನ್ಸರ್ ಹಳೆಯದೇ ಇದ್ದರೂ ಅವುಗಳನ್ನು ಓಡಿಸುವ ಲೆಕ್ಕಾಚಾರ ಬದಲಾದರೆ ಕ್ಯಾಮೆರಾದ ನಡವಳಿಕೆಯೇ ಬದಲಾಗುತ್ತದೆ.

ಉದಾಹರಣೆಗೆ ಸೋನಿ ಎ7 ಮಾರ್ಕ್ 3. ನಮ್ಮ ಕಡೆ ಲಗ್ನದ ಕೆಲಸಕ್ಕೆ ಬಹಳ ಜನ ಇಟ್ಟುಕೊಂಡಿರುವ ಬಾಡಿ ಇದು. 2019ರಲ್ಲಿ ಬಂದ 3.0 ಆವೃತ್ತಿಯಲ್ಲಿ ಪ್ರಾಣಿಗಳ ಕಣ್ಣು ಹುಡುಕಿ ಫೋಕಸ್ ಮಾಡುವ ಸೌಲಭ್ಯ ಸೇರಿತು. ಕೊಂಡಾಗ ಇಲ್ಲದ್ದು ಆಮೇಲೆ ಬಂತು, ಅದೂ ಪುಕ್ಕಟೆ. ಫ್ಯೂಜಿಫಿಲ್ಮ್ ಎಕ್ಸ್-ಟಿ3 ಬಂದದ್ದು 2018ರಲ್ಲಿ. 2020ರ 4.00 ಆವೃತ್ತಿ ಹಾಕಿದ ಮೇಲೆ ಅದರ ಆಟೊಫೋಕಸ್ ಅದರ ನಂತರದ ಎಕ್ಸ್-ಟಿ4ರ ಹತ್ತಿರಕ್ಕೆ ಬಂತು. ನಿಕಾನ್ ಝಡ್ 8ಕ್ಕೆ 2024ರ ಫೆಬ್ರುವರಿಯಲ್ಲಿ ಬಂದ 2.00 ಆವೃತ್ತಿಯಲ್ಲಿ ಹಕ್ಕಿಗಳನ್ನೇ ಗುರುತಿಸುವ ಫೋಕಸ್ ಕೊಟ್ಟರು. ಆಲಮಟ್ಟಿ ಹಿನ್ನೀರಿಗೆ ಬರುವ ಫ್ಲೆಮಿಂಗೊಗಳ ಹಿಂದೆ, ಘಟಪ್ರಭಾ ಪಕ್ಷಿಧಾಮದ ಹಕ್ಕಿಗಳ ಹಿಂದೆ ಬೀಳುವವರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಸುರಕ್ಷತೆಯ ಮಾತೂ ಇದೆ. 2019ರ ಆಗಸ್ಟ್‌ನಲ್ಲಿ ಚೆಕ್ ಪಾಯಿಂಟ್ ಅನ್ನುವ ಕಂಪ್ಯೂಟರ್ ಸುರಕ್ಷತಾ ಕಂಪನಿಯ ಸಂಶೋಧಕರು ಕ್ಯಾನನ್ 80ಡಿ ಕ್ಯಾಮೆರಾಕ್ಕೆ ವೈಫೈ ಮೂಲಕ ನುಗ್ಗಿ, ಕಾರ್ಡಿನಲ್ಲಿದ್ದ ಫೋಟೊಗಳಿಗೆ ಬೀಗ ಹಾಕಿ ತೋರಿಸಿದರು. ಕ್ಯಾನನ್ ಆ ಕಿಂಡಿ ಮುಚ್ಚಿದ್ದು ಫರ್ಮ್‌ವೇರ್ ಅಪ್‌ಡೇಟ್ ಮೂಲಕವೇ. ಯಾರದೋ ಲಗ್ನದ ಫೋಟೊ ನಿಮ್ಮ ಕಾರ್ಡಿನಲ್ಲಿ ಇರುವಾಗ ಇದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ.

ಹಾಗಂತ ಬಂದ ದಿನವೇ ಹಾಕಬೇಕು ಅಂತೇನಿಲ್ಲ. ಹೊಸ ಆವೃತ್ತಿಯಲ್ಲಿ ತೊಂದರೆ ಕಂಡು ಕಂಪನಿಯೇ ಅದನ್ನು ವಾಪಸ್ ತಗೊಂಡ ಉದಾಹರಣೆಗಳೂ ಇವೆ. ಒಂದೆರಡು ವಾರ ಬಿಟ್ಟು ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮಾತು, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ: ಲಗ್ನದ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೂರಬೇಡಿ. ಮರುದಿನ ಅಕ್ಷತೆ ಬೀಳುವ ಹೊತ್ತಿಗೆ ಸೆಟ್ಟಿಂಗ್ ಎಲ್ಲಿ ಹೋಯಿತು ಅಂತ ಹುಡುಕುತ್ತಾ ನಿಂತರೆ ಆ ಗಳಿಗೆ ಮತ್ತೆ ಬರುವುದಿಲ್ಲ. ಕೆಲಸ ಇಲ್ಲದ ದಿನ, ಮನೆಯಲ್ಲಿ ಕೂತು ಮಾಡಿ.

ಮೊದಲು ಈಗಿರುವ ಆವೃತ್ತಿ ನೋಡಿ

ಕ್ಯಾನನ್‌ನಲ್ಲಿ ಮೋಡ್ ಡಯಲ್ ಅನ್ನು ಪಿ ಅಥವಾ ಎಂ ಮೇಲೆ ಇಟ್ಟು, ಮೆನುವಿನ ಪಾನಾ ಚಿತ್ರವಿರುವ ಭಾಗಕ್ಕೆ ಹೋದರೆ ಫರ್ಮ್‌ವೇರ್ ಅಂತ ಒಂದು ಸಾಲು ಕಾಣುತ್ತದೆ. ಡಯಲ್ ಹಸಿರು ಆಟೊ ಮೇಲಿದ್ದರೆ ಅನೇಕ ಮಾಡೆಲ್‌ಗಳಲ್ಲಿ ಆ ಸಾಲು ಕಾಣುವುದೇ ಇಲ್ಲ, ಜನ ಅಲ್ಲೇ ಕೈಬಿಡುತ್ತಾರೆ. ನಿಕಾನ್‌ನಲ್ಲಿ ಸೆಟಪ್ ಮೆನುವಿನ ಕೊನೆಯ ಕಡೆ ಫರ್ಮ್‌ವೇರ್ ವರ್ಶನ್ ಅಂತ ಇರುತ್ತದೆ. ಸೋನಿಯಲ್ಲೂ ಸೆಟಪ್ ಭಾಗದಲ್ಲೇ, ವರ್ಶನ್ ಅನ್ನುವ ಹೆಸರಲ್ಲಿ. ಫ್ಯೂಜಿಯಲ್ಲಿ ಡಿಸ್ಪ್ಲೇ/ಬ್ಯಾಕ್ ಬಟನ್ ಒತ್ತಿ ಹಿಡಿದುಕೊಂಡೇ ಕ್ಯಾಮೆರಾ ಆನ್ ಮಾಡಬೇಕು, ಆಗ ಬಾಡಿಯದ್ದೂ ಲೆನ್ಸಿನದ್ದೂ ಆವೃತ್ತಿ ಒಟ್ಟಿಗೆ ಕಾಣುತ್ತದೆ.

ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕಂಪನಿಯ ಅಧಿಕೃತ ವೆಬ್‌ಸೈಟಿಗೆ ಹೋಗಿ. ಅಧಿಕೃತ ವೆಬ್‌ಸೈಟ್ ಅಂದರೆ ಅದೊಂದೇ. ಯಾರೋ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ ಫೈಲ್ ಬೇಡ, ಗೂಗಲ್ ಡ್ರೈವ್ ಲಿಂಕ್ ಬೇಡ. ಅಲ್ಲಿ ಸಪೋರ್ಟ್ ಅಥವಾ ಡೌನ್‌ಲೋಡ್ ಪುಟದಲ್ಲಿ ನಿಮ್ಮ ಮಾಡೆಲ್ ಹುಡುಕಿ.

ಮಾಡೆಲ್ ಹೆಸರಿನಲ್ಲೇ ಬಹಳ ಜನ ಎಡವುತ್ತಾರೆ. ಕ್ಯಾನನ್ ಒಂದೇ ಕ್ಯಾಮೆರಾವನ್ನು ಬೇರೆ ಬೇರೆ ದೇಶದಲ್ಲಿ ಬೇರೆ ಹೆಸರಿನಿಂದ ಮಾರುತ್ತದೆ. ನಮ್ಮಲ್ಲಿ 1500ಡಿ ಅನ್ನುವುದು ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7. ಹಾಗಾಗಿ ಭಾರತದ ವೆಬ್‌ಸೈಟ್ ನೋಡಿದರೆ ಗೊಂದಲ ಇಲ್ಲ. ಸೋನಿಯಲ್ಲಿ ಎ7 ಮಾರ್ಕ್ 3 ಅಂತ ನಾವು ಕರೆಯುವುದಕ್ಕೆ ಕಂಪನಿಯ ಲೆಕ್ಕದಲ್ಲಿ ಐಎಲ್‌ಸಿಇ-7ಎಂ3 ಅಂತ ಹೆಸರು, ಬಾಡಿಯ ತಳದಲ್ಲಿ ಅಚ್ಚಾಗಿರುತ್ತದೆ, ತಿರುಗಿಸಿ ನೋಡಿಕೊಳ್ಳಿ. ಕ್ಯಾನನ್‌ನ ಆರ್6 ಬೇರೆ, ಆರ್6 ಮಾರ್ಕ್ 2 ಬೇರೆ. ನಿಕಾನ್‌ನ ಝಡ್ 6 ಬೇರೆ, ಝಡ್ 6 ಮಾರ್ಕ್ 2 ಬೇರೆ. ಒಂದರ ಫೈಲ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಡೌನ್‌ಲೋಡ್ ಬಟನ್ ಒತ್ತುವ ಮೊದಲು ಅದೇ ಪುಟದಲ್ಲಿ ಏನೇನು ಬದಲಾಗಿದೆ ಅಂತ ಬರೆದಿರುತ್ತಾರೆ, ಓದಿ. ಎರಡು ನಿಮಿಷದ ಕೆಲಸ. ನಿಮಗೆ ಬೇಕಾದದ್ದು ಅದರಲ್ಲಿ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬಹುತೇಕ ಕ್ಯಾಮೆರಾಗಳಲ್ಲಿ ಒಮ್ಮೆ ಹೊಸದಕ್ಕೆ ಹೋದರೆ ಹಳೆಯದಕ್ಕೆ ಮರಳಲು ಆಗುವುದಿಲ್ಲ, ಅದಕ್ಕೇ ಈ ಓದು ಮುಖ್ಯ.

ಕಾರ್ಡ್ ತಯಾರಿ

ಕಾರ್ಡಿನಲ್ಲಿರುವ ಫೋಟೊಗಳನ್ನೆಲ್ಲ ಮೊದಲು ಬೇರೆ ಕಡೆ ಇಳಿಸಿಕೊಳ್ಳಿ. ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ. ಕ್ಯಾಮೆರಾ ತನಗೆ ಬೇಕಾದ ರೀತಿಯಲ್ಲಿ ಸಿದ್ಧ ಮಾಡಿಕೊಳ್ಳುತ್ತದೆ.

ಡೌನ್‌ಲೋಡ್ ಆಗಿ ಬರುವುದು ಸಾಮಾನ್ಯವಾಗಿ ಜಿಪ್ ಫೈಲ್. ಅದನ್ನು ಬಿಚ್ಚದೆ ಹಾಗೇ ಕಾರ್ಡಿಗೆ ಹಾಕಿದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟ್ರಾಕ್ಟ್ ಆಲ್ ಅಂತ ಕೊಟ್ಟರೆ ಒಳಗಿನ ಅಸಲಿ ಫೈಲ್ ಹೊರಗೆ ಬರುತ್ತದೆ. ಕ್ಯಾನನ್ ಆದರೆ ಹೆಸರಿನ ಕೊನೆಗೆ ಎಫ್‌ಐಆರ್, ನಿಕಾನ್ ಮತ್ತು ಪ್ಯಾನಾಸೋನಿಕ್ ಆದರೆ ಬಿನ್, ಫ್ಯೂಜಿ ಆದರೆ ಡಿಎಟಿ. ಫ್ಯೂಜಿಯವರು ಬಹುತೇಕ ಜಿಪ್ ಇಲ್ಲದೆ ನೇರವಾಗಿ ಡಿಎಟಿ ಫೈಲನ್ನೇ ಕೊಡುತ್ತಾರೆ.

ಲ್ಯಾಪ್‌ಟಾಪ್ ಇಲ್ಲದವರು ಹಿಂಜರಿಯಬೇಕಿಲ್ಲ (ಸೋನಿಯ ಕೆಲವು ಬಾಡಿಗಳನ್ನು ಬಿಟ್ಟು, ಅದನ್ನು ಮುಂದೆ ಹೇಳುತ್ತೇನೆ). ಆ್ಯಂಡ್ರಾಯ್ಡ್ ಫೋನಿಗೆ ಓಟಿಜಿ (ಅಂದರೆ ಫೋನಿಗೇ ನೇರ ಸೇರುವ) ಕಾರ್ಡ್ ರೀಡರ್ ಚುಚ್ಚಿ, ಫೋನಿನ ಫೈಲ್ಸ್ ಆ್ಯಪ್‌ನಲ್ಲೇ ಜಿಪ್ ಬಿಚ್ಚಿ, ಕಾರ್ಡಿಗೆ ಕಾಪಿ ಮಾಡಬಹುದು.

ಈಗ ಬಹಳ ಮುಖ್ಯವಾದ ಒಂದು ಜಾಗ. ಫೈಲನ್ನು ಕಾರ್ಡಿನ ಮೊದಲ ಪುಟದಲ್ಲೇ ಇಡಬೇಕು. ಅಂದರೆ ಕಾರ್ಡ್ ತೆರೆದ ಕೂಡಲೇ ಡಿಸಿಐಎಂ ಅನ್ನುವ ಫೋಲ್ಡರ್ ಕಾಣುತ್ತದಲ್ಲ, ಅದರ ಒಳಗಲ್ಲ, ಅದರ ಪಕ್ಕದಲ್ಲಿ. ಹೆಸರನ್ನು ಒಂದಕ್ಷರವೂ ಬದಲಿಸಬಾರದು. ಒಂದೇ ಫೈಲನ್ನು ಎರಡು ಸಲ ಡೌನ್‌ಲೋಡ್ ಮಾಡಿದ್ದರೆ ಕಂಪ್ಯೂಟರ್ ತಾನಾಗಿ ಹೆಸರಿನ ಕೊನೆಗೆ ಕಂಸದಲ್ಲಿ 1 ಅಂತ ಸೇರಿಸಿಬಿಡುತ್ತದೆ. ನೋಡಲಿಕ್ಕೆ ಸಣ್ಣದು, ಆದರೆ ಅಷ್ಟಕ್ಕೇ ಕ್ಯಾಮೆರಾ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ. ಎರಡನ್ನೂ ಅಳಿಸಿ ಹೊಸದಾಗಿ ಡೌನ್‌ಲೋಡ್ ಮಾಡಿ. ಕಾಪಿ ಆದ ಮೇಲೆ ಕಾರ್ಡನ್ನು ಸುಮ್ನೆ ಕಿತ್ತುಕೊಳ್ಳಬೇಡಿ, ಇಜೆಕ್ಟ್ ಮಾಡಿ ತೆಗೆಯಿರಿ.

ಬ್ಯಾಟರಿ ಕಂಪನಿಯದ್ದೇ ಇರಲಿ, ಪೂರ್ತಿ ಚಾರ್ಜ್ ಆಗಿರಲಿ. ಕಡಿಮೆ ಬೆಲೆಯ ಬೇರೆ ಬ್ಯಾಟರಿಗಳು ಮೂರು ಗೆರೆ ತೋರಿಸುತ್ತಾ ಇದ್ದಕ್ಕಿದ್ದಂತೆ ಸಾಯುವುದುಂಟು. ಫೋಟೊ ತೆಗೆಯುವಾಗ ಅದು ಬರೀ ಕಿರಿಕಿರಿ, ಅಪ್‌ಡೇಟ್ ನಡುವೆ ಹಾಗಾದರೆ ಕ್ಯಾಮೆರಾನೇ ಮಲಗಬಹುದು. ಫ್ಲ್ಯಾಶ್, ಟ್ರಿಗರ್, ಬ್ಯಾಟರಿ ಗ್ರಿಪ್ ಇದ್ದರೆ ತೆಗೆದಿಡಿ.

ಶುರು ಮಾಡುವ ಮೊದಲು ಇನ್ನೊಂದು ಕೆಲಸ. ನಿಮ್ಮ ಮೆನು ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ: ಯಾವ ಬಟನ್‌ಗೆ ಏನು ಕೊಟ್ಟಿದ್ದೀರಿ, ಫೋಕಸ್ ಹೇಗಿದೆ, ಎರಡೂ ಕಾರ್ಡಿಗೆ ಫೋಟೊ ಹೋಗುವ ಹಾಗೆ ಇಟ್ಟಿದ್ದೀರಾ ಇತ್ಯಾದಿ. ದೊಡ್ಡ ಅಪ್‌ಡೇಟ್ ಆದಾಗ ಕೆಲವು ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಬಹುದು. ನಿಕಾನ್‌ನ ಬಹಳಷ್ಟು ಬಾಡಿಗಳಲ್ಲಿ ಸೆಟ್ಟಿಂಗ್‌ಗಳನ್ನು ಕಾರ್ಡಿಗೇ ಉಳಿಸುವ ಸೌಲಭ್ಯ ಇದೆ. ಆದರೆ ಉಳಿಸುವುದು ಬೇರೆ ಕಾರ್ಡಿಗೆ ಇರಲಿ.

ಈಗ ಅಪ್‌ಡೇಟ್

ಕ್ಯಾಮೆರಾ ಆಫ್ ಮಾಡಿ ಕಾರ್ಡ್ ಹಾಕಿ. ಎರಡು ಸ್ಲಾಟ್ ಇದ್ದರೆ ಒಂದನೇ ಸ್ಲಾಟಿನಲ್ಲಿ ಮಾತ್ರ ಹಾಕಿ, ಇನ್ನೊಂದು ಖಾಲಿ ಇರಲಿ. ಕ್ಯಾನನ್, ನಿಕಾನ್‌ನಲ್ಲಿ ಆವೃತ್ತಿ ನೋಡಿದ ಅದೇ ಜಾಗಕ್ಕೆ ಹೋದರೆ ಈಗ ಅಪ್‌ಡೇಟ್ ಮಾಡಲೇ ಅಂತ ಕೇಳುತ್ತದೆ. ಫ್ಯೂಜಿಯಲ್ಲಿ ಮತ್ತೆ ಆ ಡಿಸ್ಪ್ಲೇ/ಬ್ಯಾಕ್ ಬಟನ್ ಹಿಡಿದು ಆನ್ ಮಾಡಿ, ಬಾಡಿ ಅಂತ ಆರಿಸಿ. ಪ್ಯಾನಾಸೋನಿಕ್‌ನಲ್ಲಿ ಕ್ಯಾಮೆರಾ ಆನ್ ಮಾಡಿ, ಫೋಟೊ ನೋಡುವ ಪ್ಲೇ ಬಟನ್ ಒತ್ತಬೇಕು.

ಸೋನಿಯದ್ದು ಸ್ವಲ್ಪ ಬೇರೆ. ಎ7 ಮಾರ್ಕ್ 4ರಂಥ ಹೊಸ ಬಾಡಿಗಳಲ್ಲಿ ಕಾರ್ಡ್ ಮೂಲಕವೇ ಆಗುತ್ತದೆ. ಎ7 ಮಾರ್ಕ್ 3, ಎ6400ರಂಥವುಗಳಿಗೆ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಿ ಸೋನಿಯ ಅಪ್‌ಡೇಟರ್ ಓಡಿಸಬೇಕು. ಮೊದಲು ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಕನೆಕ್ಷನ್ ಅನ್ನುವುದನ್ನು ಮಾಸ್ ಸ್ಟೋರೇಜ್‌ಗೆ ಇಡಿ, ಕಾರ್ಡ್ ತೆಗೆದಿಡಿ. ಕಾರ್ಡ್ ಮೂಲಕ ಮಾಡುವಾಗ ಕರೆಂಟ್ ಹೋದರೂ ಚಿಂತೆ ಇಲ್ಲ, ಎಲ್ಲ ಬ್ಯಾಟರಿ ಮೇಲೆ ನಡೆಯುತ್ತದೆ. ಕೇಬಲ್ ದಾರಿಯಲ್ಲಿ ಡೆಸ್ಕ್‌ಟಾಪ್ ಆಫ್ ಆದರೆ ಕಷ್ಟ. ಬೇಸಿಗೆಯಲ್ಲಿ ನಮ್ಮ ಕಡೆಯ ಕರೆಂಟ್ ನಿಮಗೆ ಗೊತ್ತೇ ಇದೆ, ಹಾಗಾಗಿ ಚಾರ್ಜ್ ಇರುವ ಲ್ಯಾಪ್‌ಟಾಪ್ ಬಳಸಿ, ಇಲ್ಲವೇ ಯುಪಿಎಸ್ ಇರುವ ಕಂಪ್ಯೂಟರ್.

ಪರದೆ ಮೇಲೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡೂ ಕಾಣುತ್ತವೆ. ಸರಿ ಇದ್ದರೆ ಓಕೆ ಒತ್ತಿ, ಕ್ಯಾಮೆರಾವನ್ನು ಟೇಬಲ್ ಮೇಲೆ ಇಟ್ಟು ಕೈ ದೂರ ತೆಗೆಯಿರಿ. ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನ ತುಂಬುತ್ತಾ ಹೋಗುತ್ತದೆ. ಅರ್ಧಕ್ಕೆ ಬಂದು ನಿಂತ ಹಾಗೆ ಕಾಣಬಹುದು, ಕೆಲವು ಮಾಡೆಲ್‌ಗಳಲ್ಲಿ ಪರದೆ ಪೂರ್ತಿ ಕಪ್ಪಾಗಿ, ಕಾರ್ಡಿನ ಪಕ್ಕದ ಸಣ್ಣ ದೀಪ ಮಾತ್ರ ಮಿಣುಕುತ್ತಿರುತ್ತದೆ. ಗಾಬರಿ ಆಗುವುದು ಇಲ್ಲೇ, ಕೈ ಸ್ವಿಚ್ ಕಡೆ ಹೋಗುವುದೂ ಇಲ್ಲೇ. ಮುಟ್ಟಬೇಡಿ. ಆಫ್ ಮಾಡಬೇಡಿ, ಕಾರ್ಡಿನ ಬಾಗಿಲು ತೆರೆಯಬೇಡಿ, ಯಾವ ಬಟನ್ನೂ ಒತ್ತಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು ಕೂತುಕೊಳ್ಳಿ. ಸಾಮಾನ್ಯವಾಗಿ ಐದು, ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಮುಗಿಯಿತು ಅಂತ ಕ್ಯಾಮೆರಾನೇ ಬರೆದು ತೋರಿಸುತ್ತದೆ.

ಫೈಲ್ ಕಾಣುತ್ತಿಲ್ಲ ಅಂದರೆ ಕಾರಣ ಬಹುತೇಕ ಮೇಲೆ ಹೇಳಿದ್ದರಲ್ಲೇ ಇರುತ್ತದೆ: ಜಿಪ್ ಬಿಚ್ಚಿಲ್ಲ, ಫೋಲ್ಡರ್ ಒಳಗೆ ಹೋಗಿದೆ, ಹೆಸರು ಬದಲಾಗಿದೆ, ಡಯಲ್ ಆಟೊದಲ್ಲಿದೆ. ಎಲ್ಲ ಸರಿ ಇದ್ದೂ ಆಗದಿದ್ದರೆ ಬೇರೆ ಕಾರ್ಡ್ ಹಾಕಿ ನೋಡಿ. ಅರ್ಧ ಗಂಟೆಗಿಂತ ಜಾಸ್ತಿ ಅಲ್ಲೇ ನಿಂತಿದ್ದರೆ ಮಾತ್ರ ಬ್ಯಾಟರಿ ತೆಗೆದು, ಚಾರ್ಜ್ ಆದ ಇನ್ನೊಂದು ಬ್ಯಾಟರಿ ಹಾಕಿ ಆನ್ ಮಾಡಿ. ಕೆಲವು ಕ್ಯಾಮೆರಾ ಮತ್ತೆ ಮೊದಲಿನಿಂದ ಶುರು ಮಾಡುತ್ತವೆ. ಆಗಲೂ ಏಳದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿಗೇ ಕೊಡಿ, ಸ್ಕ್ರೂ ಬಿಚ್ಚಿ ಸರಿಮಾಡುವ ದೋಷ ಇದಲ್ಲ.

ಮುಗಿದ ಮೇಲೆ

ಆಫ್ ಮಾಡಿ, ಬ್ಯಾಟರಿ ಒಮ್ಮೆ ತೆಗೆದು ಹಾಕಿ, ಆವೃತ್ತಿ ಮತ್ತೆ ನೋಡಿ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ತಾರೀಖು, ಟೈಮ್, ನಿಮ್ಮ ಹೆಸರಿನ ಕಾಪಿರೈಟ್, ಎರಡು ಕಾರ್ಡಿನ ಬ್ಯಾಕಪ್, ಇವನ್ನು ಮೊಬೈಲಿನ ಫೋಟೊ ಪಕ್ಕ ಇಟ್ಟು ಹೋಲಿಸಿ.

ಆಮೇಲೆ ಬೆಳಕು ಕಡಿಮೆ ಇರುವ ಕಡೆ ಹೋಗಿ ಒಂದಷ್ಟು ತೆಗೆಯಿರಿ. ವಿಜಯಪುರದವರಿಗೆ ಗೋಳಗುಮ್ಮಟದ ಒಳಗಿನ ಮಬ್ಬು ಇದೆ, ಬಾಗಲಕೋಟೆಯವರಿಗೆ ಬಾದಾಮಿಯ ಗುಹೆಗಳಿವೆ. ಫ್ಲ್ಯಾಶ್ ಇಲ್ಲದೆ, ಕೈಯಲ್ಲೇ ಹಿಡಿದು, ಓಡಾಡುವ ಜನರ ಮುಖಕ್ಕೆ ಫೋಕಸ್ ಎಷ್ಟು ಬೇಗ ಕೂರುತ್ತದೆ ನೋಡಿ. ಕಲ್ಯಾಣ ಮಂಟಪದ ಬೆಳಕಿನಲ್ಲಿ ಏನಾಗಬಹುದು ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ.

ಲೆನ್ಸ್ ವಿಷಯವೂ ಇದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಲೆನ್ಸ್‌ಗಳಿಗೂ ಅವುಗಳದ್ದೇ ಫರ್ಮ್‌ವೇರ್ ಇರುತ್ತದೆ. ಕ್ಯಾಮೆರಾ ಕಂಪನಿಯದ್ದೇ ಲೆನ್ಸ್ ಆದರೆ ಬಹುತೇಕ ಅದನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಇದೇ ರೀತಿ ಅಪ್‌ಡೇಟ್ ಮಾಡಬಹುದು. ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಯ ಲೆನ್ಸ್ ಬಳಸುವವರು ಬಾಡಿ ಅಪ್‌ಡೇಟ್ ಮಾಡುವ ಮೊದಲೇ ಆ ಕಂಪನಿಗಳ ಸೈಟಿನಲ್ಲಿ ಏನಾದರೂ ಸೂಚನೆ ಇದೆಯಾ ಅಂತ ನೋಡಬೇಕು. ಬಾಡಿ ಹೊಸದಾಗಿ, ಲೆನ್ಸ್ ಹಳೆಯದಾಗಿ ಉಳಿದರೆ ಒಮ್ಮೊಮ್ಮೆ ಫೋಕಸ್ ತಡವರಿಸುತ್ತದೆ. ಟ್ಯಾಮ್ರಾನ್‌ನ ಹೊಸ ಲೆನ್ಸ್‌ಗಳಲ್ಲಿ ಮೈಮೇಲೇ ಯುಎಸ್‌ಬಿ-ಸಿ ತೂತು ಇರುತ್ತದೆ, ನೇರ ಕಂಪ್ಯೂಟರಿಗೆ ಹಾಕಿದರೆ ಆಯಿತು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಕಾಲದ ಲೆನ್ಸ್ ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸಲು ಸಿಗ್ಮಾಕ್ಕೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ಗೆ ಟ್ಯಾಪ್-ಇನ್ ಕನ್ಸೋಲ್ ಅನ್ನುವ ಸಣ್ಣ ಸಾಧನ ಬೇಕು. ಒಬ್ಬೊಬ್ಬರೇ ಕೊಳ್ಳುವ ಬದಲು ಊರಿನ ನಾಲ್ಕೈದು ಫೋಟೊಗ್ರಾಫರ್‌ಗಳು ಸೇರಿ ಒಂದು ತಗೊಂಡರೆ ಎಲ್ಲರಿಗೂ ನಡೆಯುತ್ತದೆ. ಡಾಕ್ ಕೊಳ್ಳುವಾಗ ಅದು ಕ್ಯಾನನ್ ಮೌಂಟಿನದ್ದೋ (ಮೌಂಟ್ ಅಂದರೆ ಲೆನ್ಸ್ ಕೂರುವ ಜೋಡಣೆ) ನಿಕಾನ್ ಮೌಂಟಿನದ್ದೋ ನೋಡಿ ತಗೊಳ್ಳಿ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.