ಚೀನೀಯರಿಗೆ ‘ಮಾಡರೇಟ್’ ಹೇಳಿಕೊಡುವುದು ಹೇಗೆ?

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುವ ನಮ್ಮವರು ಈಗ ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಚೀನೀ ಮಾತಾಡುವ ಶಿಷ್ಯರು ಸಿಕ್ಕವರು ಒಂದು ಪದದಲ್ಲಿ ತಪ್ಪದೆ ಜಾರುತ್ತಾರೆ. ಅದು ‘ಮಾಡರೇಟ್’. ಕೆಲವರ ಪಾಠಗಳನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. “ಅತಿ ಬೇಡ, ಕಮ್ಮಿಯೂ ಬೇಡ, ನಡುವೆ ಇರೋದು” ಎಂದು ಒಂದು ಸಾಲು ಹೇಳಿ ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ಶಿಷ್ಯರು ತಲೆ ಆಡಿಸುತ್ತಾರೆ, ಮೇಷ್ಟ್ರಿಗೆ ಸಮಾಧಾನ. ಮುಂದಿನ ವಾರ ಅದೇ ಶಿಷ್ಯ ‘ಮೈ ಬಾಸ್ ಈಸ್ ವೆರಿ ಮಾಡರೇಟ್’ ಎಂದು ಬರೆದು ಕಳಿಸುತ್ತಾನೆ. ನಮ್ಮ ಬಾಸ್ ಸಿಡುಕುವುದಿಲ್ಲ, ಸೌಮ್ಯ ಮನುಷ್ಯ ಅನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಓದಿದವರಿಗೆ ಮಾತ್ರ ಬಾಸ್ ಯಾವುದೋ ಪಕ್ಷದ ನಾಯಕನಿರಬೇಕು ಅನ್ನಿಸುತ್ತದೆ.

ತಪ್ಪು ಅವನದಲ್ಲ. ಇಂಗ್ಲಿಷ್-ಚೀನೀ ನಿಘಂಟು ಈ ಒಂದು ಪದದ ಮುಂದೆ ಮೂರು ಪದಗಳನ್ನು ಸಾಲಾಗಿ ಇಡುತ್ತದೆ. ‘ಜೊಂಗ್-ದಂಗ್’ ಅಂದರೆ ಮಧ್ಯಮ ದರ್ಜೆಯ. ‘ಶಿ-ದು’ ಅಂದರೆ ಹದವಾದ. ‘ವನ್-ಹ’ ಅಂದರೆ ಸೌಮ್ಯ. ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಳುವುದಿಲ್ಲ. ಅವನು ಮೂರನೆಯದನ್ನು ಎತ್ತಿಕೊಂಡ, ಅಷ್ಟೇ.

ಮೊದಲು ಆ್ಯಪ್ ಮುಚ್ಚಿಸಿ

ಪದಪಟ್ಟಿಯ ಆ್ಯಪ್‌ಗಳ ಮೇಲೆ ನನಗೆ ಸಿಟ್ಟಿದೆ. ಒಂದು ಪದ, ಒಂದು ಚಿತ್ರ, ಒಂದು ಅನುವಾದ, ಬಲಕ್ಕೆ ತಳ್ಳಿದರೆ ಮುಂದಿನ ಪದ. ಸೇಬು, ಕುರ್ಚಿಗೆ ಅದು ಸಾಕು. ಮಾಡರೇಟ್‌ಗೆ ಎಂಥ ಚಿತ್ರ ಹಾಕುತ್ತೀರಿ? ನಾನು ನೋಡಿದ ಒಂದರಲ್ಲಿ ಧ್ಯಾನಕ್ಕೆ ಕೂತ ಹೆಂಗಸಿನ ಚಿತ್ರ ಇತ್ತು. ದುಡ್ಡು ಕೊಟ್ಟು ಕೊಳ್ಳುವ ಫ್ಲ್ಯಾಶ್‌ಕಾರ್ಡ್ ಕಟ್ಟುಗಳೂ ಇದಕ್ಕಿಂತ ಮೇಲಲ್ಲ. ಈ ಪಾಠ ಮುಗಿಯುವವರೆಗೆ ಅನುವಾದ ನೋಡಬೇಡಿ ಅಂತ ಖಡಾಖಂಡಿತ ಹೇಳಿ. ಚೀನೀ ಶಿಷ್ಯರು ನಿಮ್ಮನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಟೀಚರ್’ ಅಂತಲೇ ಕರೆಯುತ್ತಾರೆ. ಟೀಚರ್ ಹೇಳಿದ ಮೇಲೆ ಕೇಳುತ್ತಾರೆ.

ಆಮೇಲೆ ಒಂದು ಗೆರೆ ಎಳೆಯಿರಿ

ಬಿಳಿ ಹಾಳೆಯಲ್ಲಿ ಉದ್ದ ಗೆರೆ. ಎರಡು ತುದಿಗಳಿಗೂ ಹೆಸರು ಬರೆಯಿರಿ. ತುದಿ ಗೊತ್ತಿಲ್ಲದೆ ಈ ಪದಕ್ಕೆ ಅರ್ಥವೇ ಹುಟ್ಟುವುದಿಲ್ಲ. ನಾನು ಮಳೆಯಿಂದ ಶುರು ಮಾಡುತ್ತೇನೆ. ಚೀನಾದ ಹವಾಮಾನ ಲೆಕ್ಕದಲ್ಲಿ 24 ಗಂಟೆಯಲ್ಲಿ 10ರಿಂದ 24.9 ಮಿಲಿಮೀಟರ್ ಬಿದ್ದರೆ ‘ಜೊಂಗ್-ಯು’, ಅಂದರೆ ನಡುಮಳೆ. ಇಂಗ್ಲಿಷ್‌ನಲ್ಲಿ ಅದೇ ಮಾಡರೇಟ್ ರೇನ್. ನಮ್ಮ ಭಾರತೀಯ ಹವಾಮಾನ ಇಲಾಖೆಯ ಮಾಡರೇಟ್ ರೇನ್ 15.6ರಿಂದ 64.4 ಮಿಲಿಮೀಟರ್. ಅಂದರೆ 60 ಮಿಲಿಮೀಟರ್ ಮಳೆ ಆಗುಂಬೆಯಲ್ಲಿ ಮಾಡರೇಟ್. ಬೀಜಿಂಗ್‌ನಲ್ಲಿ ಅಷ್ಟು ಸುರಿದರೆ ‘ದೊಡ್ಡ ಮಳೆ’ಯನ್ನೂ ದಾಟಿ ಬಿರುಮಳೆಯ ಲೆಕ್ಕಕ್ಕೆ ಹೋಗುತ್ತದೆ. ಈ ಎರಡು ಅಂಕಿ ಪಕ್ಕಪಕ್ಕ ತೋರಿಸಿದರೆ ಶಿಷ್ಯರಿಗೆ ತಟ್ಟನೆ ಹೊಳೆಯುತ್ತದೆ. ಈ ಪದಕ್ಕೆ ಸ್ವಂತ ಅಳತೆ ಇಲ್ಲ, ಯಾವ ಪಟ್ಟಿಯಲ್ಲಿ ಕೂತಿದೆಯೋ ಆ ಪಟ್ಟಿಯ ಅಳತೆಯೇ ಅದರದ್ದು.

ಇನ್ನೂ ಅನುಮಾನ ಇದ್ದರೆ ವಾಯು ಗುಣಮಟ್ಟ ಸೂಚ್ಯಂಕ ತೋರಿಸಿ. ಅಮೆರಿಕದಲ್ಲಿ 51ರಿಂದ 100 ಇದ್ದರೆ ಗಾಳಿ ಮಾಡರೇಟ್. ನಮ್ಮಲ್ಲಿ 101ರಿಂದ 200. ಚೀನಾದಲ್ಲಿ 51ರಿಂದ 100ಕ್ಕೆ ‘ಚೆನ್ನಾಗಿದೆ’ ಎಂದೇ ಹೆಸರು, 150 ದಾಟಿದರೆ ನಡುಮಟ್ಟದ ಮಾಲಿನ್ಯ. ದೊಡ್ಡ ಊರಿನವರು ದಿನಾ ಬೆಳಿಗ್ಗೆ ಫೋನಿನಲ್ಲಿ ಈ ಅಂಕಿ ನೋಡುವವರು. ನೀವು ವಿವರಿಸುವ ಮೊದಲೇ ಅವರೇ ಮಾತು ಶುರು ಮಾಡುತ್ತಾರೆ.

ತುಂಬಾ ಜನ ಇಲ್ಲಿ ಮಾಡುವ ಒಂದು ಎಡವಟ್ಟು ಇದೆ. ಚೀನೀಯರು ಅಂದರೆ ಊಟ ಎಂದು ಖಾರದ ಉದಾಹರಣೆ ಕೊಟ್ಟುಬಿಡುತ್ತಾರೆ. ಅವರ ಹೋಟೆಲುಗಳಲ್ಲಿ ‘ವೇ-ಲಾ, ಜೊಂಗ್-ಲಾ, ತ-ಲಾ’ ಅಂತ ಕಮ್ಮಿ ಖಾರ, ನಡುಖಾರ, ವಿಪರೀತ ಖಾರ ಕೇಳುವ ಪದ್ಧತಿ ಇರುವುದು ನಿಜ. ಆದರೆ ನಡುಖಾರಕ್ಕೆ ಇಂಗ್ಲಿಷ್‌ನಲ್ಲಿ ‘ಮೀಡಿಯಂ’ ಅನ್ನುತ್ತಾರೆ. ಈ ಉದಾಹರಣೆಯಿಂದ ಶುರು ಮಾಡಿದರೆ ಶಿಷ್ಯ ಅಂಗಡಿಗೆ ಹೋಗಿ ಮಾಡರೇಟ್ ಶರ್ಟ್ ಕೇಳುತ್ತಾನೆ. ನಾನು ಹೇಳಿಕೊಡುವ ಸೂತ್ರ ಇದು: ದರ್ಜೆ ಹಾಕಿ ಮಾರುವ ವಸ್ತುವಾದರೆ ಮೀಡಿಯಂ. ಶರ್ಟು, ಕಪ್ಪು, ಪಿಜ್ಜಾ ಎಲ್ಲ ಹಾಗೆ. ತಾನಾಗಿ ಏರಿ ಇಳಿಯುವುದಾದರೆ ಮಾಡರೇಟ್. ಮಳೆ, ಗಾಳಿ, ನೋವು, ಬೆಲೆ ಏರಿಕೆ, ಭೂಕಂಪ ಇಲ್ಲಿ ಬರುತ್ತವೆ. ಒಲೆಯ ಉರಿಗೆ ಎರಡೂ ನಡೆಯುತ್ತದೆ, ಅದನ್ನು ಕೇಳಿದರೆ ಮಾತ್ರ ಹೇಳಿ.

ವ್ಯಾಯಾಮವನ್ನು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಾಡರೇಟ್ ವ್ಯಾಯಾಮ ಹೇಳುತ್ತದೆ. ಅದನ್ನು ಅಳೆಯುವ ಸುಲಭ ಉಪಾಯವೂ ಇದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಶಿಷ್ಯರನ್ನು ಎಬ್ಬಿಸಿ ನಿಂತಲ್ಲೇ ಬಿರುಸಾಗಿ ನಡೆಸಿ, ಎರಡು ನಿಮಿಷ ಬಿಟ್ಟು ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಹೇಳಿಸಿ, ಆಮೇಲೆ ಒಂದು ಸಾಲು ಹಾಡಿಸಿ. ಹಾಡು ಏದುಸಿರಲ್ಲಿ ತುಂಡಾಯಿತಾ, ಅದೇ ಮಾಡರೇಟ್. ನಗುತ್ತಾ ಕಲಿತದ್ದು ಮರೆಯುವುದಿಲ್ಲ.

ಇನ್ನು ಕಷ್ಟದ ಜಾಗ: ಇದು ಹೊಗಳಿಕೆಯೋ ಅಲ್ಲವೋ?

ಪಾಠದ ಮುಕ್ಕಾಲು ಸಮಯ ಇಲ್ಲಿಗೇ ಇಟ್ಟುಕೊಳ್ಳಿ. ಬೇರೆಲ್ಲ ಹೆಜ್ಜೆ ಅವಸರ ಮಾಡಿದರೂ ನಡೆಯುತ್ತದೆ.

ಮೇಷ್ಟ್ರುಗಳಿಗೆ ಇಲ್ಲಿ ಒಂದು ಆಸೆ ಬರುತ್ತದೆ. ಚೀನಾ, ನಡುದಾರಿ ಅಂದಕೂಡಲೇ ಕನ್ಫ್ಯೂಷಿಯಸ್ ನೆನಪಾಗುತ್ತಾನೆ. ‘ಜೊಂಗ್-ಯೊಂಗ್’ ಅಂತ ಅವರಲ್ಲಿ ಹಳೆಯ ಗ್ರಂಥವೇ ಇದೆ. 1905ರಲ್ಲಿ ಸರ್ಕಾರಿ ಹುದ್ದೆಯ ಹಳೇ ಪರೀಕ್ಷೆ ರದ್ದಾಗುವವರೆಗೂ ಶತಮಾನಗಳ ಕಾಲ ಅಭ್ಯರ್ಥಿಗಳು ಬಾಯಿಪಾಠ ಮಾಡಿದ ನಾಲ್ಕು ಪುಸ್ತಕಗಳಲ್ಲಿ ಅದೂ ಒಂದು. “ಅದೇ ಮಾಡರೇಟ್” ಅಂತ ಮೇಷ್ಟ್ರು ಹೇಳಿದರೆ ಪಾಠ ಕೆಟ್ಟಿತು ಅಂತಲೇ ಲೆಕ್ಕ. ಜೊಂಗ್-ಯೊಂಗ್ ಬದುಕಿನ ದೊಡ್ಡ ಆದರ್ಶ, ಮಳೆಗೂ ಜ್ವರಕ್ಕೂ ಅದನ್ನು ಅಂಟಿಸಲು ಆಗುವುದಿಲ್ಲ. ಸಾಲದ್ದಕ್ಕೆ ಈಗಿನ ಆಡುಮಾತಿನಲ್ಲಿ ಎತ್ತಲೂ ವಾಲದೆ ಜಾರಿಕೊಳ್ಳುವವರನ್ನು ಚುಚ್ಚಲೂ ಅದೇ ಪದ ಬಳಸುತ್ತಾರೆ. ಅರ್ಧ ಗಂಟೆ ತತ್ವಶಾಸ್ತ್ರಕ್ಕೆ ಹೋಗುತ್ತದೆ, ಇಂಗ್ಲಿಷ್ ಒಂದಿಂಚೂ ಮುಂದೆ ಹೋಗುವುದಿಲ್ಲ.

ಕನ್ಫ್ಯೂಷಿಯಸ್ ಬೇಕೇ ಬೇಕು ಅಂದರೆ ಅವನ ‘ಗುವೊ ಯೋ ಬು ಜೀ’ ಎಂಬ ಮಾತು ಸಾಕು. ಇಬ್ಬರಲ್ಲಿ ಯಾರು ಮೇಲು ಎಂದು ಶಿಷ್ಯನೊಬ್ಬ ಕೇಳುತ್ತಾನೆ. ಒಬ್ಬ ಮಿತಿ ದಾಟುತ್ತಾನೆ, ಇನ್ನೊಬ್ಬ ಅಲ್ಲಿಗೆ ಮುಟ್ಟುವುದಿಲ್ಲ ಅನ್ನುತ್ತಾನೆ ಗುರು. ಹಾಗಾದರೆ ದಾಟುವವನೇ ಮೇಲಾ ಅಂದರೆ, ದಾಟುವುದೂ ಮುಟ್ಟದಿರುವುದೂ ಒಂದೇ ಎಂಬ ಉತ್ತರ. ಶಾಲೆಗೆ ಹೋದ ಚೀನೀಯರಿಗೆಲ್ಲ ಗೊತ್ತಿರುವ ಮಾತು. ಊಟ, ಕುಡಿತ, ಖರ್ಚಿನ ವಿಷಯ ಬಂದಾಗ ಮಾತ್ರ ಎತ್ತಿ, ಎರಡು ನಿಮಿಷದಲ್ಲಿ ಮುಗಿಸಿ.

ಇನ್ನೊಂದು ಕಡೆಯ ಹಳ್ಳ ‘ಮಾಮಾ-ಹೂಹೂ’. ಅಕ್ಷರಕ್ಕೆ ಅಕ್ಷರ ಹೇಳುವುದಾದರೆ ಕುದುರೆ-ಕುದುರೆ-ಹುಲಿ-ಹುಲಿ, ಅರ್ಥ ‘ಪರವಾಗಿಲ್ಲ, ಹೀಗೇ ಇದೆ’. ನೀವು “ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ” ಅಂದಿರೋ, ಅವರ ತಲೆಯಲ್ಲಿ ಈ ಕುದುರೆ-ಹುಲಿ ಓಡಿಬರುತ್ತದೆ. ಆಮೇಲೆ ‘ಹೌ ಆರ್ ಯು’ ಅಂದರೆ ‘ಐ ಆ್ಯಮ್ ಮಾಡರೇಟ್’ ಎಂಬ ಉತ್ತರ. ಆ ಮಾತನ್ನು ನಿಮ್ಮ ಬಾಯಿಂದಲೇ ತರಬೇಡಿ.

ಹಾಗಾದರೆ ಹೇಳುವುದು ಹೇಗೆ? ಪಕ್ಕದಲ್ಲಿ ಯಾವ ನಾಮಪದ ಕೂತಿದೆ ಎಂದು ನೋಡಲು ಕಲಿಸಿ. ಅಳೆಯುವ ವಿಷಯವಾದರೆ ಮಾಡರೇಟ್‌ನಲ್ಲಿ ಹೊಗಳಿಕೆ ಇಲ್ಲ, ಸ್ವಲ್ಪ ತಣ್ಣಗೇ ಇರುತ್ತದೆ. ‘ಮಾಡರೇಟ್ ಸಕ್ಸೆಸ್’ ಅಂದರೆ ಗೆದ್ದಿತು, ಆದರೆ ಅಂಥದ್ದೇನಿಲ್ಲ ಅಂತ. ಗೆಳೆಯನ ಹೊಸ ಅಂಗಡಿಗೆ ಹೋಗಿ ಇದನ್ನು ಹೇಳಿದರೆ ಮುಖ ಸಣ್ಣದಾಗುತ್ತದೆ. ಅಭ್ಯಾಸದ ವಿಷಯವಾದರೆ ಹೊಗಳಿಕೆಯೇ. ‘ಮಾಡರೇಟ್ ಡ್ರಿಂಕರ್’ ಮಿತಿ ತಿಳಿದವನು. ಮನುಷ್ಯನಿಗೇ ನೇರವಾಗಿ ಅಂಟಿಸಿದರೆ ಮಾತು ಅವನ ಅಭಿಪ್ರಾಯಗಳ ಕಡೆ ತಿರುಗುತ್ತದೆ, ಸ್ವಭಾವದ ಕಡೆಗಲ್ಲ. ಬಾಸ್ ರಾಜಕಾರಣಿಯಾಗಿದ್ದು ಇದಕ್ಕೇ. ಸೌಮ್ಯ ಅನ್ನಬೇಕಾದರೆ ‘ಜೆಂಟಲ್’ ಅಥವಾ ‘ಮೈಲ್ಡ್’ ಕೊಡಿ. ‘ವೆರಿ’ಯನ್ನು ಮೊದಲೇ ಕಿತ್ತುಹಾಕಿಸಿ. ನಡುವೆ ಇರುವುದಕ್ಕೆ ‘ತುಂಬಾ’ ಸಾಮಾನ್ಯವಾಗಿ ಹೊಂದುವುದಿಲ್ಲ.

ಈ ಮೂರನೆಯ ಬಳಕೆ ನಮ್ಮ ಕನ್ನಡ ಮೇಷ್ಟ್ರುಗಳಿಗೆ ಕಷ್ಟವಾಗಬಾರದು. 1907ರ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆದದ್ದನ್ನು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಮಂದಗಾಮಿಗಳು, ತೀವ್ರಗಾಮಿಗಳು ಅಂತ. ಆ ಮಂದಗಾಮಿಗಳೇ ‘ಮಾಡರೇಟ್ಸ್’. ಗೋಖಲೆಯವರಿಗೆ ಆ ಹೆಸರು ಬಂದದ್ದು ಮೆಲ್ಲಗೆ ಮಾತಾಡುತ್ತಿದ್ದರು ಅಂತಲ್ಲ, ಮನವಿ, ಚರ್ಚೆ, ಕಾನೂನಿನ ದಾರಿಯಲ್ಲೇ ಹೋಗಬೇಕು ಅಂದದ್ದಕ್ಕೆ. ಚೀನೀಯಲ್ಲಿ ಇಂಥವರಿಗೆ ‘ವನ್-ಹ-ಪೈ’ ಅನ್ನುತ್ತಾರೆ. ವನ್-ಹಕ್ಕೆ ಇಲ್ಲಿ ಸರಿಯಾದ ಜಾಗ ಸಿಕ್ಕಿತು ನೋಡಿ.

‘ಮಾಡೆಸ್ಟ್’ ಜೊತೆ ಕಲಸದಿರಲಿ

ಎರಡೂ ಒಂದೇ ಲ್ಯಾಟಿನ್ ಬೇರಿನವು, ‘ಅಳತೆ’ ಎಂಬ ಅರ್ಥದ್ದು. ಕಲಸುವುದು ಸಹಜ. ಚೆಂಗ್ಡುವಿನ ಶಿಷ್ಯೆಯೊಬ್ಬಳು, ಅಕೌಂಟ್ಸ್ ಕೆಲಸದವಳು, ಸ್ಕ್ರೀನ್ ಮೇಲೆ ತನ್ನ ಬಯೋಡೇಟಾ ತೆರೆದು ತೋರಿಸಿದಳು. ‘ಮಾಡರೇಟ್ ಎಬಿಲಿಟಿ ಇನ್ ಅಕೌಂಟಿಂಗ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. “ಟೀಚರ್, ನಾನೇ ನನ್ನನ್ನು ಹೊಗಳಿಕೊಳ್ಳಬಾರದಲ್ವಾ?” ಅಂದಳು. ವಿನಯ ತೋರಿಸಲು ಹೋಗಿ, ಕೆಲಸ ಅಷ್ಟಕ್ಕಷ್ಟೇ ಬರುತ್ತದೆ ಎಂದು ಬರೆದುಕೊಟ್ಟಂತಾಗಿತ್ತು. ಹಾಗಂತ ‘ಮಾಡೆಸ್ಟ್’ ಹಾಕಿದರೂ ಕೆಲಸ ಕೆಡುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 9ಕ್ಕೆ 5 ಅಂಕದವರಿಗೆ ‘ಮಾಡೆಸ್ಟ್ ಯೂಸರ್’ ಎಂದು ಹೆಸರು, ವಿನಯವಂತ ಅಂತಲ್ಲ. ಮನುಷ್ಯನ ಮುಂದೆ ಮಾಡೆಸ್ಟ್ ವಿನಯ, ಅಂಕಿಯ ಮುಂದೆ ಅದೂ ‘ಕಮ್ಮಿ’ಯೇ. ಬಯೋಡೇಟಾದಲ್ಲಿ ಎರಡೂ ಬೇಡ, ಎಷ್ಟು ವರ್ಷ ಏನು ಮಾಡಿದೆ ಎಂದು ಬರೆ ಅಂದೆ.

ಉಳಿದದ್ದು ಬೇಗ ಮುಗಿಯುತ್ತದೆ

ಚೀನೀ ಪದಗಳು ರೂಪ ಬದಲಿಸುವುದಿಲ್ಲ. ಹಾಗಾಗಿ ‘ಡ್ರಿಂಕ್ ಮಾಡರೇಟ್’ ಅಂತಲೇ ಬರುತ್ತದೆ. ‘ಡ್ರಿಂಕ್ ಇನ್ ಮಾಡರೇಷನ್’ ಅನ್ನುವುದನ್ನು ಇಡಿಯಾಗಿ ಬಾಯಿಪಾಠ ಮಾಡಿಸಿ, ವ್ಯಾಕರಣ ವಿವರಿಸಬೇಡಿ. ‘ಮಾಡರೇಟರ್’ ಕೇಳಿದರೆ ಗೋಷ್ಠಿ ನಡೆಸುವವರು, ಅವರ ‘ಜು-ಛಿ-ರನ್’. ಅಲ್ಲಿಗೆ ಬಿಡಿ.

ಉಚ್ಚಾರಣೆಯಲ್ಲಿ ಎರಡು ಗಮನಿಸಿ. ಗುಣವಾಚಕವಾದಾಗ ಕೊನೆ ‘-ರಿಟ್’ ಎಂದು ಮೊಟಕಾಗಿ ಬರುತ್ತದೆ, ಕ್ರಿಯಾಪದವಾದಾಗ ‘-ರೇಟ್’ ಎಂದು ಎಳೆಯುತ್ತದೆ. ಒತ್ತು ಎರಡರಲ್ಲೂ ಮೊದಲ ‘ಮಾ’ ಮೇಲೇ. ಇನ್ನೊಂದು ಕೊನೆಯ ಟ್. ಮ್ಯಾಂಡರಿನ್‌ನಲ್ಲಿ ಉಚ್ಚಾರಾಂಶದ ಕೊನೆಗೆ ಅಂಥ ವ್ಯಂಜನ ಬರುವುದೇ ಇಲ್ಲ, ಅದಕ್ಕೇ ನುಂಗುತ್ತಾರೆ, ಇಲ್ಲವೇ ಬಾಲಕ್ಕೊಂದು ಸ್ವರ ಸೇರಿಸುತ್ತಾರೆ. ಬಸ್ಸು, ಕಾರು, ಲೈಟು ಅನ್ನುವ ನಾವು ನಗುವ ಹಾಗಿಲ್ಲ. ತಿದ್ದುವ ಮೊದಲು ನಿಮ್ಮ ‘ಮಾಡರೇಟು’ ಸರಿ ಮಾಡಿಕೊಳ್ಳಿ.

ಮನೆಕೆಲಸಕ್ಕೆ ಐದು ವಾಕ್ಯ ಕೊಡಿ: ಹವಾಮಾನದ್ದೊಂದು, ಬೆಲೆಯದ್ದೊಂದು, ವ್ಯಾಯಾಮದ್ದೊಂದು, ಊಟದ್ದೊಂದು, ಸುದ್ದಿಯಲ್ಲಿ ಬಂದ ನಾಯಕರದ್ದೊಂದು. ತಮ್ಮ ಬಗ್ಗೆ ಬರೆಯುವುದು ಸದ್ಯಕ್ಕೆ ಬೇಡ ಅನ್ನಿ. ವಾಪಸ್ ಬಂದಾಗ ಕಾಗುಣಿತ ನೋಡಬೇಡಿ, ಕಾಲವನ್ನೂ ನೋಡಬೇಡಿ. ಮಾಡರೇಟ್ ಪಕ್ಕದ ನಾಮಪದಕ್ಕೆ ಮಾತ್ರ ಕೆಂಪು ಗೆರೆ ಹಾಕಿ ಕಳಿಸಿ.