ಎಫ್1 ಒತ್ತು ಅನ್ನುತ್ತದೆ, ಒತ್ತಿದರೆ ಕೇಳುವುದಿಲ್ಲ

"ತಮ್ಮಾ, ಸಿಸ್ಟಮ್ ಆನ್ ಆಗ್ತದೆ. ಆದ್ರೆ ಕಪ್ಪು ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತುಬಿಡ್ತದೆ. ಎಫ್1 ಒತ್ತು ಅಂತದೆ. ಒತ್ತಿದ್ರೆ ಏನೂ ಆಗೋದಿಲ್ಲ. ಕೀಬೋರ್ಡೇ ಸತ್ತುಹೋಗಿದೆ ನೋಡು."

ಫೋನ್ ಮಾಡಿದ್ದು ಶಿರಸಿಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ಅಕ್ಕ. ಜೂನ್ ಮೊದಲ ವಾರ. ಶಾಲೆ ಕಾಲೇಜು ತೆರೆಯುವ ಹೊತ್ತು, ಅಂಗಡಿಯ ಮುಂದೆ ಅರ್ಜಿ ಹಿಡಿದವರ ಸಾಲು. ಮಳೆಗಾಲದ ಮೊದಲ ಗಾಳಿಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಗುಡುಗು ಶುರುವಾದ ಕೂಡಲೇ ಅಕ್ಕ ಎಲ್ಲ ಪ್ಲಗ್ಗನ್ನೂ ಕಿತ್ತಿಟ್ಟಿದ್ದರು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು. ನಾಲ್ಕನೇ ದಿನ ಆನ್ ಮಾಡಿದಾಗ ಈ ಕಥೆ.

ನಾನು ಹೋಗುವಷ್ಟರಲ್ಲಿ ಎದುರಿನ ಅಂಗಡಿಯಿಂದ ಹೊಸ ಕೀಬೋರ್ಡ್ ಬಂದಾಗಿತ್ತು. ಅದನ್ನು ಹಾಕಿದರೂ ಅದೇ ಕಥೆ. ಹಿಂದಿನ ವಾರವಷ್ಟೇ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹೊಸ ಆವೃತ್ತಿ ಹಾಕಿಸಿದ್ದರಂತೆ. "ಅದರಿಂದಲೇ ಏನಾದ್ರೂ ಆಗಿರ್ಬೋದಾ?" ಎಂದು ಕೇಳಿದರು. ಇಲ್ಲ ಅಕ್ಕ, ಆಗೋದಿಲ್ಲ ಅಂದೆ. ಸ್ವಿಚ್ ಒತ್ತಿದ ಮೇಲೆ ಮೊದಲು ಏಳುವುದು ಬಯೋಸ್, ಅಂದರೆ ಮದರ್‌ಬೋರ್ಡ್ ಎಂಬ ಮುಖ್ಯ ಬೋರ್ಡಿನೊಳಗೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಅದು ತನ್ನ ಪರೀಕ್ಷೆ ಮುಗಿಸಿದ ಮೇಲೆ ವಿಂಡೋಸ್. ವಿಂಡೋಸ್ ಎದ್ದ ಮೇಲೆ ನುಡಿ. ಈ ಸಿಸ್ಟಮ್ ನಿಂತಿರುವುದು ಬಯೋಸ್‌ನಲ್ಲೇ. ನುಡಿಗೆ ಇನ್ನೂ ಬೆಳಗೇ ಆಗಿಲ್ಲ.

ಕೀಬೋರ್ಡ್ ಕೇಳುತ್ತಿಲ್ಲ ಎಂದು ಯಾರೇ ಹೇಳಲಿ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಹೊತ್ತಿನಲ್ಲಿ ಕೇಳುತ್ತಿಲ್ಲ? ಆನ್ ಮಾಡಿದ ಕೂಡಲೇನಾ, ವಿಂಡೋಸ್ ಪಾಸ್‌ವರ್ಡ್ ಕೇಳುವಾಗಲಾ, ಅಥವಾ ಒಳಗೆ ಹೋದ ಮೇಲಾ? ಕೀಬೋರ್ಡ್ ಒಂದೇ ಆದರೂ ಅದರ ಮಾತು ಕೇಳುವವರು ಬೇರೆ ಬೇರೆ. ಮೊದಲು ಬಯೋಸ್ ಕೇಳುತ್ತದೆ. ಆಮೇಲೆ ವಿಂಡೋಸ್ ಅಥವಾ ಲಿನಕ್ಸ್ ತನ್ನದೇ ಡ್ರೈವರ್ (ಸಾಧನದ ಜೊತೆ ಮಾತಾಡುವ ತಂತ್ರಾಂಶ) ಹಾಕಿಕೊಂಡು ಕೇಳುತ್ತದೆ. ಎಲ್ಲಿ ಕಿವಿ ಮುಚ್ಚಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು ಕೀಬೋರ್ಡಿನ ನಮ್ ಲಾಕ್ (Num Lock) ದೀಪ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆ ದೀಪವನ್ನು ಕೀಬೋರ್ಡ್ ತಾನಾಗಿ ಹಚ್ಚುವುದಿಲ್ಲ. ನೀವು ನಮ್ ಲಾಕ್ ಒತ್ತಿದರೆ ಸುದ್ದಿ ಕಂಪ್ಯೂಟರಿಗೆ ಹೋಗುತ್ತದೆ, ಅದು ತಿರುಗಿ 'ದೀಪ ಹಚ್ಚು' ಅಂದಾಗ ಮಾತ್ರ ಹತ್ತುತ್ತದೆ. ಹಾಗಾಗಿ ಒತ್ತಿದಂತೆಲ್ಲ ದೀಪ ಹತ್ತಿ ಆರುತ್ತಿದ್ದರೆ ಕೀಬೋರ್ಡೂ ಸರಿ, ವೈರೂ ಸರಿ, ಆಚೆ ಕಡೆ ಕೇಳುವವರೂ ಇದ್ದಾರೆ ಎಂದರ್ಥ. ಅಕ್ಕನ ಕೀಬೋರ್ಡಿನಲ್ಲಿ ಆನ್ ಮಾಡುವಾಗ ದೀಪ ಒಮ್ಮೆ ಮಿಣುಕಿತು. ಅಂದರೆ ಕರೆಂಟು ಬರುತ್ತಿದೆ. ಆಮೇಲೆ ನಮ್ ಲಾಕ್ ಎಷ್ಟು ಒತ್ತಿದರೂ ದೀಪ ಹತ್ತಲಿಲ್ಲ. ಹಳೆಯ ಕೀಬೋರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಎಲ್ಲ ಕೀಗಳೂ ಚೆನ್ನಾಗಿ ಕೆಲಸ ಮಾಡಿದವು. ಕೀಬೋರ್ಡ್ ಸತ್ತಿರಲಿಲ್ಲ, ಅದರ ಮಾತು ಕೇಳುವವರೇ ಇರಲಿಲ್ಲ.

ಮುಂದಿನ ಯುಎಸ್‌ಬಿ ಬಿಟ್ಟು ಹಿಂದಿನ ಯುಎಸ್‌ಬಿಗೆ ಹಾಕಿ ನೋಡಿದೆ. ಇದನ್ನು ಯಾವಾಗಲೂ ಮಾಡಬೇಕು. ಮುಂದಿನ ಪೋರ್ಟುಗಳು ಒಂದು ವೈರಿನ ಮೂಲಕ ಬೋರ್ಡಿಗೆ ಸೇರುತ್ತವೆ, ಆ ವೈರು ಸಡಿಲವಾಗುವುದು ಜಾಸ್ತಿ. ಹಿಂದಿನವು ನೇರ ಬೋರ್ಡಿನಲ್ಲೇ ಇರುತ್ತವೆ. ಹಬ್ ಹಾಕಿದ್ದರೆ ಅದನ್ನೂ ತೆಗೆದುಬಿಡಬೇಕು. ಇಲ್ಲಿ ಅದರಿಂದಲೂ ಏನೂ ಬದಲಾಗಲಿಲ್ಲ.

ಆಗ ಪರದೆಯ ಮೇಲಿನ ಸಾಲನ್ನು ನಿಧಾನಕ್ಕೆ ಓದಿದೆ. 'ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್' ಎಂದಿತ್ತು. ಕೆಳಗೆ, ಮುಂದುವರಿಯಲು ಎಫ್1, ಸೆಟಪ್‌ಗೆ ಹೋಗಲು ಡೆಲ್, ಅಂದರೆ ಡಿಲೀಟ್ ಕೀ. ಎಲ್ಲರ ಕಣ್ಣೂ ಎಫ್1 ಮೇಲೆ ಹೋಗುತ್ತದೆ. ಕಾರಣ ಇರುವುದು ಮೇಲಿನ ಸಾಲಿನಲ್ಲಿ.

ಬಯೋಸ್ ತನ್ನ ಸೆಟ್ಟಿಂಗುಗಳನ್ನು ಒಂದು ಸಣ್ಣ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಸಿಮಾಸ್ ಅನ್ನುತ್ತಾರೆ. ಇಂಥ ಹಳೆಯ ಬೋರ್ಡುಗಳಲ್ಲಿ ಆ ನೆನಪು ಉಳಿಯಲು ಕರೆಂಟು ಬೇಕೇ ಬೇಕು. ಪ್ಲಗ್ ಹಾಕಿದ್ದರೆ, ಸಿಸ್ಟಮ್ ಆಫ್ ಆಗಿದ್ದರೂ ಪವರ್ ಸಪ್ಲೈ 5 ವೋಲ್ಟಿನ ಒಂದು ಸಣ್ಣ ಕರೆಂಟನ್ನು ಬೋರ್ಡಿಗೆ ಕೊಡುತ್ತಿರುತ್ತದೆ. ಪ್ಲಗ್ ಕಿತ್ತರೆ ಅಥವಾ ಕರೆಂಟು ಹೋದರೆ ಎಲ್ಲ ಭಾರ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲಿನ ಮೇಲೆ. ಅದರ ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ಸಂಖ್ಯೆಯಲ್ಲೇ ಅಳತೆ ಇದೆ. ಮಲೆನಾಡಿನಲ್ಲಿ ಮಳೆಗಾಲವಿಡೀ ಕರೆಂಟು ಹೋಗಿ ಬಂದು ಮಾಡುತ್ತದೆ, ಜನ ಸಿಡಿಲಿಗೆ ಹೆದರಿ ಪ್ಲಗ್ ಕೀಳುತ್ತಾರೆ. ಹೆದರುವುದು ಸರಿಯೇ, ನಾನೂ ಕೀಳುತ್ತೇನೆ. ಆದರೆ ಹಳೆಯ ಸೆಲ್ಲು ಸೋಲುವುದೂ ಇಂಥ ದಿನಗಳಲ್ಲೇ. ಅಕ್ಕನ ಸೆಲ್ಲಿಗೆ ಆ ಮೂರು ದಿನ ಕೊನೆಯ ಮೂರು ದಿನವಾಗಿತ್ತು.

ಸೆಲ್ಲು ಸೋತಾಗ ನೆನಪು ಅಳಿಯಿತು. ಬಯೋಸ್ ಕಾರ್ಖಾನೆಯ ಸೆಟ್ಟಿಂಗಿಗೆ ಮರಳಿತು. ಆ ಹಳೆಯ ಬೋರ್ಡಿನಲ್ಲಿ 'ಯುಎಸ್‌ಬಿ ಕೀಬೋರ್ಡ್ ಸಪೋರ್ಟ್' ಎಂಬ ಸೆಟ್ಟಿಂಗು ಕಾರ್ಖಾನೆಯಿಂದ ಬರುವಾಗ ಡಿಸೇಬಲ್ಡ್! ಅಂದರೆ ಬಯೋಸ್ ಎಫ್1 ಒತ್ತು ಎಂದು ಕೇಳುತ್ತದೆ, ಒತ್ತುವ ಯುಎಸ್‌ಬಿ ಕೀಬೋರ್ಡನ್ನು ಮಾತ್ರ ನೋಡುವುದೇ ಇಲ್ಲ. ವಿಂಡೋಸ್ ತನಕ ಹೋದರೆ ಅದೇ ಕೀಬೋರ್ಡ್ ಕೆಲಸ ಮಾಡುತ್ತದೆ, ಆದರೆ ಎಫ್1 ಒತ್ತದೆ ವಿಂಡೋಸ್ ತನಕ ಹೋಗುವ ಹಾಗಿಲ್ಲ. ಸಿಸ್ಟಮ್ ಜೋಡಿಸಿದವರು ಮೊದಲ ದಿನ ಆ ಸೆಟ್ಟಿಂಗನ್ನು ಎನೇಬಲ್ ಮಾಡಿದ್ದರು. ಅದು ಇಷ್ಟು ವರ್ಷ ಆ ಸೆಲ್ಲಿನ ಬಲದ ಮೇಲೆ ನಿಂತಿತ್ತು.

ಯಾಕೆ ಹೀಗೆ ಮಾಡಿದ್ದರು ಅಂತ ಅನಿಸುತ್ತದೆ ಅಲ್ವಾ? ಯುಎಸ್‌ಬಿಗೆ ಮುಂಚೆ ಬಳಸುತ್ತಿದ್ದ ಸಣ್ಣ ದುಂಡನೆ ಪಿನ್ನಿನ ಕೀಬೋರ್ಡ್ ಸಾಕೆಟ್ಟು 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರಿನ ಜೊತೆ ಬಂತು. ಯುಎಸ್‌ಬಿ ಬಂದಿದ್ದು 1996ರಲ್ಲಿ. ಬಯೋಸ್ ಎಂಬುದು ಯುಎಸ್‌ಬಿಗಿಂತ ಎಷ್ಟೋ ಹಿರಿಯ. ಹಳೆಯ ಬಯೋಸ್‌ಗಳು ಯುಎಸ್‌ಬಿ ಕೀಬೋರ್ಡನ್ನು ಹಳೆಯ ಕೀಬೋರ್ಡ್ ಎಂಬಂತೆ ತೋರಿಸಲು ಹೆಚ್ಚಿನ ಕೆಲಸ ಮಾಡಬೇಕಿತ್ತು. ಕೆಲವು ಬೋರ್ಡುಗಳಲ್ಲಿ ಅದನ್ನೇ 'ಲೆಗಸಿ ಯುಎಸ್‌ಬಿ ಸಪೋರ್ಟ್' ಎಂದು ಕರೆದಿರುತ್ತಾರೆ. ಎಲ್ಲರ ಮನೆಯಲ್ಲೂ ದುಂಡನೆ ಪಿನ್ನಿನ ಕೀಬೋರ್ಡೇ ಇದ್ದ ಕಾಲದಲ್ಲಿ ಅದು ಆಫ್ ಇದ್ದರೂ ಯಾರಿಗೂ ತೊಂದರೆ ಆಗುತ್ತಿರಲಿಲ್ಲ.

ಹಾಗಾದರೆ ಬೇಕಿರುವುದು ದುಂಡನೆ ಪಿನ್ನಿನ ಕೀಬೋರ್ಡ್. ಕ್ಯಾಬಿನೆಟ್ಟಿನ ಹಿಂದೆ ನೇರಳೆ ಬಣ್ಣದ ಸಾಕೆಟ್ಟು ಇತ್ತು. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ನನ್ನ ಚೀಲದಲ್ಲಿ ಯುಎಸ್‌ಬಿಯಿಂದ ದುಂಡನೆ ಪಿನ್ನಿಗೆ ಬದಲಿಸುವ ಒಂದು ಸಣ್ಣ ನೇರಳೆ ಕನ್ವರ್ಟರ್ ಇತ್ತು. ಅದನ್ನು ಹಾಕಿ ನೋಡಿದೆ. ಕೆಲಸ ಮಾಡಲಿಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ಆ ಕನ್ವರ್ಟರಿನೊಳಗೆ ಏನೂ ಇಲ್ಲ, ತಂತಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತವೆ ಅಷ್ಟೇ. ಎರಡೂ ಭಾಷೆ ಬರುವ ಕೀಬೋರ್ಡಿಗೆ ಮಾತ್ರ ಅದು ಸಲ್ಲುತ್ತದೆ. ಈಗಿನ ಎಷ್ಟೋ ಕೀಬೋರ್ಡುಗಳಿಗೆ ಯುಎಸ್‌ಬಿ ಒಂದೇ ಗೊತ್ತು.

ಮುಚ್ಚಿಹೋದ ಒಂದು ಸೈಬರ್ ಸೆಂಟರಿನವರ ಅಟ್ಟದಲ್ಲಿ ಹಳೆಯ ಕೀಬೋರ್ಡ್ ಸಿಕ್ಕಿತು. ಅಕ್ಷರಗಳು ಅರ್ಧ ಅಳಿಸಿದ್ದವು. ಸಿಸ್ಟಮನ್ನು ಪೂರ್ತಿ ಆಫ್ ಮಾಡಿದ ಮೇಲೆಯೇ ಅದನ್ನು ಚುಚ್ಚಿದೆ. ದುಂಡನೆ ಪಿನ್ನನ್ನು ಚಾಲೂ ಇದ್ದಾಗ ತೆಗೆದು ಹಾಕಬಾರದು. ಒಂದು, ಆನ್ ಆಗುವಾಗ ಇಲ್ಲದಿದ್ದ ಕೀಬೋರ್ಡನ್ನು ಬಯೋಸ್ ಆಮೇಲೆ ಗುರುತಿಸದೇ ಇರಬಹುದು. ಎರಡು, ಬೋರ್ಡಿಗೆ ಪೆಟ್ಟಾಗಬಹುದು. ಪಿನ್ನನ್ನು ತಿರುಚಿ ಒತ್ತಲೂ ಬಾರದು. ಆರು ಸಣ್ಣ ಪಿನ್ನುಗಳಲ್ಲಿ ಒಂದು ಬಗ್ಗಿದರೂ ಮುಗಿಯಿತು.

ಆನ್ ಮಾಡಿದೆ. ಮೂರೂ ದೀಪ ಒಮ್ಮೆ ಹೊಳೆದವು. ಡೆಲ್ ಒತ್ತಿದೆ, ಬಯೋಸ್ ಸೆಟಪ್‌ನ ನೀಲಿ ಪರದೆ ತೆರೆಯಿತು. ಆ ನೀಲಿ ಕಂಡಾಗ ಆಗುವ ಸಮಾಧಾನ ಈ ಕೆಲಸ ಮಾಡುವವರಿಗೆ ಗೊತ್ತು. 'ಇಂಟಿಗ್ರೇಟೆಡ್ ಪೆರಿಫೆರಲ್ಸ್' ಒಳಗೆ ಹೋಗಿ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಎನೇಬಲ್ ಮಾಡಿದೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು, ಸರಿ ಮಾಡಿದೆ. ಎಫ್10 ಒತ್ತಿ ಸೇವ್ ಮಾಡಿ, ಸಿಸ್ಟಮ್ ಆಫ್ ಮಾಡಿ, ಪ್ಲಗ್ ಕಿತ್ತು, ಹಳೆಯ ಸೆಲ್ಲು ತೆಗೆದೆ. ಮೀಟರ್ ಹಿಡಿದರೆ 2.3 ವೋಲ್ಟ್. ಹೊಸದರಲ್ಲಿ 3 ವೋಲ್ಟಿಗಿಂತ ಜಾಸ್ತಿ ಬರಬೇಕು. ಹೊಸ ಸೆಲ್ಲು ಹಾಕಿ, ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಆನ್ ಮಾಡಿದೆ. ಮತ್ತೆ ಅದೇ ಕಪ್ಪು ಪರದೆ, ಅದೇ ಎಫ್1.

ತಪ್ಪು ನನ್ನದು. ಪ್ಲಗ್ ಕಿತ್ತು ಸೆಲ್ಲು ತೆಗೆದ ಹೊತ್ತಿಗೆ ಆಗಷ್ಟೇ ಮಾಡಿದ ಸೆಟ್ಟಿಂಗೂ ಅಳಿಸಿಹೋಗಿತ್ತು. ಮೊದಲು ಸೆಲ್ಲು, ಆಮೇಲೆ ಸೆಟ್ಟಿಂಗು. ಹಳೆಯ ಕೀಬೋರ್ಡ್ ಮತ್ತೆ ಹಾಕಿ ಎಲ್ಲವನ್ನೂ ಇನ್ನೊಮ್ಮೆ ಮಾಡಿದೆ. ಈ ಸಲ ಉಳಿಯಿತು. ತಾರೀಖು ಸರಿ ಇದೆಯಾ ಎಂದು ವಿಂಡೋಸ್‌ನಲ್ಲೂ ನೋಡಿದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಸರಕಾರಿ ಜಾಲತಾಣಗಳನ್ನು ಸುರಕ್ಷಿತವಲ್ಲ ಎಂದು ತಡೆಯುತ್ತದೆ, ಅರ್ಜಿ ತುಂಬುವ ಅಂಗಡಿಗೆ ಅದೇ ದೊಡ್ಡ ಪೆಟ್ಟು.

ಇಂಥ ತೊಂದರೆಗೆ 'ಸಿಮಾಸ್ ಕ್ಲಿಯರ್ ಮಾಡಿ' (ಆ ನೆನಪನ್ನು ಅಳಿಸಿಬಿಡಿ) ಎಂದು ಕಣ್ಣು ಮುಚ್ಚಿ ಹೇಳುವವರು ಬಹಳ. ಹೊಸ ಬೋರ್ಡುಗಳಲ್ಲಿ ಅದು ಒಳ್ಳೆಯ ಉಪಾಯವೇ, ಅಲ್ಲಿ ಕಾರ್ಖಾನೆ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸಾಮಾನ್ಯವಾಗಿ ಆನ್ ಇರುತ್ತದೆ. ಆದರೆ ಅಕ್ಕನಂಥ ಬೋರ್ಡಿನಲ್ಲಿ ಕ್ಲಿಯರ್ ಮಾಡಿದರೆ ಚೆನ್ನಾಗಿದ್ದ ಸಿಸ್ಟಮೂ ಇದೇ ಗತಿಗೆ ಬರುತ್ತದೆ.

ಹೊಸ ಸಿಸ್ಟಮುಗಳ ಕಥೆ ಬೇರೆ. ಒಬ್ಬ ಮೇಷ್ಟ್ರು ಲಿನಕ್ಸ್ ಹಾಕಿಸಲು ಕರೆದಿದ್ದರು. ಆನ್ ಮಾಡಿ ಡೆಲ್ ಒತ್ತಿದರೆ ಬಯೋಸ್ ಬರಲೇ ಇಲ್ಲ, ಸೀದಾ ವಿಂಡೋಸ್. ವಿಂಡೋಸ್‌ನಲ್ಲಿ ಕೀಬೋರ್ಡ್ ಸರಿಯಾಗಿತ್ತು. ಅಲ್ಲಿ ಕಾರಣ ಫಾಸ್ಟ್ ಬೂಟ್. ಬೇಗ ಏಳುವ ಅವಸರದಲ್ಲಿ ಬಯೋಸ್ ಯುಎಸ್‌ಬಿಯನ್ನು ಎಬ್ಬಿಸುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಅಂಥ ಕಡೆ ವಿಂಡೋಸ್ ಒಳಗಿನಿಂದಲೇ ಹೋಗಬೇಕು. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಯುಇಎಫ್‌ಐ ಅಂದರೆ ಹೊಸ ಕಾಲದ ಬಯೋಸ್. ಒಳಗೆ ಹೋದ ಮೇಲೆ ಫಾಸ್ಟ್ ಬೂಟ್ ಆಫ್ ಮಾಡಿದೆ. ಎರಡು ಮೂರು ಸೆಕೆಂಡಿನ ಆಸೆಗೆ ಅದನ್ನು ಆನ್ ಇಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬ್ಲೂಟೂತ್ ಕೀಬೋರ್ಡ್ ಇದ್ದವರಿಗೂ ಒಂದು ಮಾತು. ಅದನ್ನು ಜೋಡಿ ಮಾಡಿಕೊಂಡಿರುವುದು ವಿಂಡೋಸ್. ಬಯೋಸ್‌ಗೆ ಸಾಮಾನ್ಯವಾಗಿ ಅದರ ಪರಿಚಯವೇ ಇರುವುದಿಲ್ಲ. ವೈರಿನ ಕೀಬೋರ್ಡ್ ಒಂದು ಮನೆಯಲ್ಲಿರಲಿ.

ಇನ್ನೊಮ್ಮೆ ಇದೇ ತೊಂದರೆ ಉಲ್ಟಾ ಬಂದಿತ್ತು. ಬಯೋಸ್‌ನಲ್ಲಿ ಕೀಬೋರ್ಡ್ ಸರಿ, ವಿಂಡೋಸ್ 7 ಹಾಕಲು ಹೊರಟರೆ ಮೊದಲ ಪರದೆಯಲ್ಲೇ ಕೀಬೋರ್ಡ್, ಮೌಸ್ ಎರಡೂ ಸ್ತಬ್ಧ. ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ. 2015ರಲ್ಲಿ ಬಂದ ಇಂಟೆಲ್ 100 ಸರಣಿಯ ಬೋರ್ಡುಗಳಿಂದ ಹಳೆಯ ಯುಎಸ್‌ಬಿ 2ರ ಕಂಟ್ರೋಲರನ್ನೇ ತೆಗೆದುಬಿಟ್ಟರು. ಅಲ್ಲಿ ಎಲ್ಲ ಪೋರ್ಟೂ ಯುಎಸ್‌ಬಿ 3ರ ಕಂಟ್ರೋಲರಿನ ಕೈಯಲ್ಲೇ, ಹಾಗಾಗಿ ಎಷ್ಟು ಪೋರ್ಟು ಬದಲಿಸಿದರೂ ಪ್ರಯೋಜನವಿಲ್ಲ. ಅಲ್ಲೂ ಕೈ ಹಿಡಿದಿದ್ದು ಆ ಅಕ್ಷರ ಅಳಿಸಿದ ದುಂಡನೆ ಪಿನ್ನಿನ ಕೀಬೋರ್ಡೇ. ಇನ್‌ಸ್ಟಾಲ್ ಮುಗಿಸಿ ಡ್ರೈವರ್ ಹಾಕಿದ ಮೇಲೆ ಯುಎಸ್‌ಬಿ ಎದ್ದಿತು.

ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಮಾತ್ರ ಅಕ್ಷರ ಬೀಳದಿದ್ದರೆ ಗಾಬರಿ ಬೇಡ. ಅದೇ ಪರದೆಯ ಕೆಳಗಿನ ಮೂಲೆಯಲ್ಲಿ ಆಕ್ಸೆಸಿಬಿಲಿಟಿ ಚಿತ್ರ ಇರುತ್ತದೆ, ಅಲ್ಲಿಂದ ಪರದೆ ಮೇಲಿನ ಕೀಬೋರ್ಡ್ ತೆರೆದು ಮೌಸಿನಿಂದ ಪಾಸ್‌ವರ್ಡ್ ಹಾಕಬಹುದು. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಶುರುವಾಗುತ್ತದೆ. ಆಗ ಕೀಗಳನ್ನು ಸುಮ್ನೆ ತಟ್ಟಿದರೆ ಏನೂ ಬೀಳುವುದಿಲ್ಲ. ಕೀಬೋರ್ಡಿನ ಮೇಲೆ ಪುಸ್ತಕ ಇಟ್ಟಿದ್ದ ಮನೆಯೊಂದರಲ್ಲಿ ಹೀಗಾಗಿತ್ತು.

ಮಳೆಗಾಲದಲ್ಲಿ ಇರುವೆಯ ಕಾಟವೂ ಇದೆ. ಚಹಾ ಚೆಲ್ಲಿದ ಕೀಬೋರ್ಡಿನೊಳಗೆ ಸಣ್ಣ ಇರುವೆ ಮನೆ ಮಾಡುತ್ತವೆ, ಯಾವುದೋ ಒಂದು ಕೀ ಒತ್ತಿದಂತೆಯೇ ಸಿಕ್ಕಿಕೊಳ್ಳುತ್ತದೆ. ಆನ್ ಮಾಡಿದಾಗ ಕೆಲವು ಸಿಸ್ಟಮುಗಳು ಬೀಪ್ ಎಂದು ಕೂಗುತ್ತಲೇ ಇರುತ್ತವೆ. ಕೀಬೋರ್ಡ್ ಕಿತ್ತು ಆನ್ ಮಾಡಿ. ಕೂಗು ನಿಂತರೆ ಕಳ್ಳ ಸಿಕ್ಕ ಹಾಗೆ. ಹೊಸ ಕೀಬೋರ್ಡ್ ಕೊಳ್ಳಬೇಕಾದ ಸಂದರ್ಭ ನಿಜವಾಗಿ ಇದು.

ಅಕ್ಕನ ಹೊಸ ಕೀಬೋರ್ಡನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು. ಸೆಲ್ಲಿನ ಬೆಲೆ ನಲವತ್ತು ರೂಪಾಯಿ. ಆ ದಿನ ಕ್ಯಾಬಿನೆಟ್ಟು ಮುಚ್ಚುವ ಮೊದಲು ಒಳಗಡೆ ಒಂದು ಬಿಳಿ ಸ್ಟಿಕರ್ ಅಂಟಿಸಿ, ಸೆಲ್ಲು ಹಾಕಿದ ತಾರೀಖು ಬರೆದಿಟ್ಟೆ. ಈಗ ನನ್ನ ಎಲ್ಲ ಗಿರಾಕಿಗಳ ಕ್ಯಾಬಿನೆಟ್ಟಿನೊಳಗೂ ಅಂಥದೊಂದು ಸ್ಟಿಕರ್ ಇದೆ. ಮೇ ತಿಂಗಳ ಕೊನೆಗೆ, ಮೊದಲ ಮಳೆಗೆ ಮುಂಚೆ, ಮೀಟರ್ ಹಿಡಿದುಕೊಂಡು ಒಂದು ಸುತ್ತು ಹೋಗಿಬರುತ್ತೇನೆ. ಚೀಲದಲ್ಲಿ ಆ ಹಳೆಯ ಕೀಬೋರ್ಡ್ ಇರುತ್ತದೆ.